ನೀಹಾರಿಕೆಯ ನಡುವಣ ಚುಕ್ಕೆ

ವೀಣಾ ನಕ್ಷತ್ರಪುಂಜದಲ್ಲಿ, ಅಭಿಜಿತ್ ನಕ್ಷತ್ರಕ್ಕೆ ಅನತಿದೂರದಲ್ಲಿ, ಒಂದು ಉಂಗುರವಿದೆ. ಸಣ್ಣ ದೂರದರ್ಶಕದಲ್ಲಿ ನೋಡಿದವರಿಗೆ ಅದು ಹೊಗೆಯಿಂದ ಮಾಡಿದ ಬಳೆಯಂತೆ ಕಾಣುವುದು. ದೊಡ್ಡ ದೂರದರ್ಶಕಗಳಿಂದ ತೆಗೆದ ಅದರ ಬಣ್ಣದ ಚಿತ್ರಗಳನ್ನು ಈಗ ಶಾಲೆಯ ಗೋಡೆಗಳ ಮೇಲೂ ಕ್ಯಾಲೆಂಡರುಗಳ ಮೇಲೂ ಕಾಣಬಹುದಾಗಿದೆ. ನೋಡುವವರ ಕಣ್ಣು ಉಂಗುರದ ಕೆಂಪು ಹಸಿರುಗಳ ಮೇಲೆ ನಿಲ್ಲುವುದೇ ಹೊರತು ಅದರ ನಟ್ಟನಡುವೆ ಇರುವ ಮಂಕಾದ ಚುಕ್ಕೆಯ ಮೇಲೆ ನಿಲ್ಲುವುದಿಲ್ಲ. ಉಂಗುರವನ್ನು ಹೊರಚೆಲ್ಲಿದುದೂ ಅದನ್ನು ಬೆಳಗುತ್ತಿರುವುದೂ ಆ ಚುಕ್ಕೆಯೇ. ಮದುಮಗನನ್ನು ಮರೆತು ಚಪ್ಪರವನ್ನು ಹೊಗಳಿ ಬರುವ ನೆಂಟರಂತಿದೆ ನಮ್ಮ ವರ್ತನೆ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಆ ಚುಕ್ಕೆಯ ಪರವಾದ ಒಂದು ವಾದ. ಗ್ರಹೀಯ ನೀಹಾರಿಕೆಗಳ ಕೇಂದ್ರ ನಕ್ಷತ್ರಗಳನ್ನು ಅತಿನೇರಿಳೆ ಬೆಳಕಿನಲ್ಲಿ ನೋಡುವುದು ಒಮ್ಮೆ ಮಾಡಿ ಮುಗಿಸತಕ್ಕ ಕೆಲಸವಲ್ಲ, ವರ್ಷ ವರ್ಷವೂ ಎಡೆಬಿಡದೆ ನಡೆಯತಕ್ಕ ಕೆಲಸ. ಅದರಲ್ಲಿ ನಮ್ಮ ದೇಶ ಹೊರಬಹುದಾದ ಪಾಲೂ ಒಂದಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳೋಣ. ಗ್ರಹೀಯ ನೀಹಾರಿಕೆಗೂ ಗ್ರಹಗಳಿಗೂ ಯಾವ ಸಂಬಂಧವೂ ಇಲ್ಲ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನಿಗೆ ಇಂಥ ಕೆಲವು ನೀಹಾರಿಕೆಗಳು ಗ್ರಹದ ಬಿಲ್ಲೆಯಂತೆಯೇ ದುಂಡಾಗಿ ಕಂಡುವು. ಆತ ಕೊಟ್ಟ ಹೆಸರೇ ಉಳಿದುಕೊಂಡಿತು. ನಿಜಾಂಶ ಬೇರೆ. ಸೂರ್ಯನಂಥ ನಕ್ಷತ್ರ ತನ್ನ ಮುಪ್ಪಿನಲ್ಲಿ ಉಬ್ಬಿ ಕೆಂಪು ದೈತ್ಯನಾಗುವುದು. ಆ ಮೇಲೆ ತನ್ನ ಹೊರಪದರಗಳನ್ನು ನಿಧಾನವಾಗಿ ಆಕಾಶಕ್ಕೆ ಚೆಲ್ಲುವುದು. ಬತ್ತಲಾದ ಒಳತಿರುಳು ಕುಗ್ಗುತ್ತ ಕುಗ್ಗುತ್ತ ಕಾಯುವುದು. ಅದರ ಉಷ್ಣತೆ ಕೆಲ್ವಿನ್ ಮಾನದಲ್ಲಿ 25,000 ಅಥವಾ 30,000 ಡಿಗ್ರಿ ಮುಟ್ಟಿದಾಗ, ಹಿಂದೆ ಚೆಲ್ಲಿದ ಅನಿಲ ಹೊಳೆಯಲಾರಂಭಿಸುವುದು. ಅಲ್ಲಿಂದ ಒಂದು ಲಕ್ಷ ಡಿಗ್ರಿಯನ್ನು ಅದು ದಾಟಬಹುದು. ಎರಡು ಲಕ್ಷವನ್ನು ಮೀರಿದ ನಕ್ಷತ್ರಗಳೂ ಉಂಟು. ಕೊನೆಗೆ ಉರುವಲು ತೀರಿ, ಭೂಮಿಯಷ್ಟೇ ಗಾತ್ರದ ಶ್ವೇತ ಕುಬ್ಜವಾಗಿ ಅದು ಆರತೊಡಗುವುದು. ಕೆಂಪು ದೈತ್ಯನಿಗೂ ಶ್ವೇತ ಕುಬ್ಜಕ್ಕೂ ನಡುವಣ ಕೊಂಡಿ ಇದೇ ಎಂದು ರಷ್ಯದ ವಿಜ್ಞಾನಿ ಶ್ಕ್ಲೋವ್‌ಸ್ಕಿ 1956ರಲ್ಲಿ ತೋರಿಸಿದನು. ಕೋಟ್ಯಂತರ ವರ್ಷಗಳ ನಕ್ಷತ್ರಜೀವನದಲ್ಲಿ ಈ ಘಟ್ಟ ಹತ್ತಿಪ್ಪತ್ತು ಸಾವಿರ ವರ್ಷಗಳದು ಮಾತ್ರ. ನಮ್ಮ ಸೂರ್ಯನಿಗೂ ಇನ್ನು ಐನೂರು ಕೋಟಿ ವರ್ಷಗಳ ತರುವಾಯ ಇದೇ ಗತಿ.

ಇಂಥ ನಕ್ಷತ್ರವನ್ನು ಅರಿಯಬೇಕಾದರೆ ಮೊದಲು ಅದರ ಉಷ್ಣತೆ ತಿಳಿಯಬೇಕು. ತರಗತಿಯಲ್ಲಿ ವೀನನ ನಿಯಮವನ್ನು ಹೇಳಿಕೊಡುವಾಗ ಕಮ್ಮಾರನ ಕುಲುಮೆಯಲ್ಲಿ ಕಾದ ಕಬ್ಬಿಣವನ್ನು ಉದಾಹರಿಸುವುದು ವಾಡಿಕೆ: ಕೆಂಪು, ಹಳದಿ, ಬಿಳಿ. ಹಾಗಾದರೆ ಐವತ್ತು ಸಾವಿರ ಡಿಗ್ರಿಯ ನಕ್ಷತ್ರಕ್ಕೂ ಲಕ್ಷ ಡಿಗ್ರಿಯ ನಕ್ಷತ್ರಕ್ಕೂ ಬಣ್ಣದಲ್ಲಿ ಏನು ವ್ಯತ್ಯಾಸ ಎಂದು ನಾವು ವಿದ್ಯಾರ್ಥಿಗಳನ್ನು ಕೇಳುವುದುಂಟು. ಉತ್ತರವಾಗಿ ಹಲವು ಬಣ್ಣಗಳ ಹೆಸರು ಬರುವುವು. ಕಣ್ಣಿಗೆ ವ್ಯತ್ಯಾಸವೇ ಇಲ್ಲವೆನ್ನುವುದು ಸರಿಯಾದ ಉತ್ತರ. ಸೂರ್ಯನ ಬೆಳಕು ಅತ್ಯಂತ ತೀವ್ರವಾಗಿರುವುದು ಸುಮಾರು 5,000 ಆಂಗ್‌ಸ್ಟ್ರಾಂ ತರಂಗಾಂತರದಲ್ಲಿ; ಅದು ನಮ್ಮ ಕಣ್ಣಿನ ವ್ಯಾಪ್ತಿಯ ಒಳಗೇ ಇದೆ. ಲಕ್ಷ ಡಿಗ್ರಿಯ ನಕ್ಷತ್ರದಲ್ಲಾದರೋ ಈ ಶಿಖರ 290 ಆಂಗ್‌ಸ್ಟ್ರಾಮಿಗೆ ಸರಿದಿರುವುದು. ಕಣ್ಣಿಗೆ ಕಾಣುವ ಭಾಗ ಬೆಟ್ಟದ ಬುಡದ ಇಳಿಜಾರು ಮಾತ್ರ. ಬೆಟ್ಟ ಎಷ್ಟೇ ಎತ್ತರವಿರಲಿ, ಆ ಬುಡದ ಓಟ ಒಂದೇ ಬಗೆ. ಲೆಕ್ಕ ಹಾಕಿದರೆ, ಅಂಥ ನಕ್ಷತ್ರ ಹೊರಸೂಸುವ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಪಾಲು ಸಾವಿರಕ್ಕೆ ಎರಡಕ್ಕಿಂತಲೂ ಕಡಿಮೆ. ಉಳಿದುದೆಲ್ಲ ಹೆಚ್ಚುಕಡಿಮೆ ಅತಿನೇರಿಳೆಯಲ್ಲೇ ಇದೆ.

ಆ ಅತಿನೇರಿಳೆಯನ್ನು ವಾಯುಮಂಡಲ ನೆಲಕ್ಕೆ ಬಿಡುವುದಿಲ್ಲ. 3,000 ಆಂಗ್‌ಸ್ಟ್ರಾಮಿಗಿಂತ ಕಿರಿದಾದ ಅಲೆಗಳನ್ನು ಓಜೋನ್ ಪದರ ಹೀರಿಬಿಡುವುದು. ಇನ್ನೂ ಕಿರಿದಾದವನ್ನು ಆಮ್ಲಜನಕವೇ ನುಂಗುವುದು. ನಾವು ಬದುಕಿರುವುದು ಈ ಕೃಪೆಯಿಂದ, ಆದುದರಿಂದ ದೂರುವಂತಿಲ್ಲ. ಆದರೆ ಅದೇ ಕಾರಣದಿಂದ ಖಗೋಳ ವಿಜ್ಞಾನಿಗಳು ಬಹುಕಾಲ ಬಳಸುದಾರಿಯನ್ನು ಹಿಡಿಯಬೇಕಾಯಿತು.

ಆ ಬಳಸುದಾರಿಯನ್ನು ತೋರಿದವನು ಡಚ್ ವಿಜ್ಞಾನಿ ಜಾನ್‌ಸ್ಟ್ರ. 912 ಆಂಗ್‌ಸ್ಟ್ರಾಮಿಗಿಂತ ಕಿರಿದಾದ ಪ್ರತಿಯೊಂದು ಬೆಳಕಿನ ಕಣವೂ ನೀಹಾರಿಕೆಯ ಒಂದು ಜಲಜನಕ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯುವುದು. ಎಲೆಕ್ಟ್ರಾನು ಮತ್ತೆ ಸೆರೆಸಿಕ್ಕಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ, ದಟ್ಟವಾದ ನೀಹಾರಿಕೆಯಲ್ಲಿ, ಕಣ್ಣಿಗೆ ಕಾಣುವ ಬಾಮರ್ ಶ್ರೇಣಿಯ ಒಂದು ಕಣ ಹೊರಬರಲೇಬೇಕು. ಆ ಕಣಗಳನ್ನು ಎಣಿಸಿದರೆ ಕಾಣದ ಕಣಗಳ ಸಂಖ್ಯೆ ತಿಳಿಯಿತು. ಅದನ್ನು ನಕ್ಷತ್ರದ ಕಾಣುವ ಬೆಳಕಿನೊಡನೆ ಹೋಲಿಸಿದರೆ ಉಷ್ಣತೆಯೂ ತಿಳಿಯಿತು. ನಾಟಕದ ಡೇರೆಯೊಳಗೆ ಇಣುಕಿ ನೋಡದೆ, ಬಾಗಿಲಲ್ಲಿ ಹರಿದು ಬಿಸುಟ ಟಿಕೀಟಿನ ಚೂರುಗಳನ್ನು ಎಣಿಸಿ ಪ್ರೇಕ್ಷಕರ ಲೆಕ್ಕ ಹೇಳಿದ ಹಾಗೆ. 1927ರಷ್ಟು ಹಿಂದೆಯೇ ಹೊಳೆದ ಈ ಯುಕ್ತಿಯನ್ನು ನಾವು ಪ್ರತಿವರ್ಷ ಪಾಠ ಹೇಳುವಾಗಲೂ ಮೆಚ್ಚದೆ ಇರಲಾರೆವು. ಆದರೆ ಡೇರೆಯ ಹಿಂಬದಿ ಹರಿದಿದ್ದರೆ ಲೆಕ್ಕ ತಪ್ಪುವುದು. ತೆಳುವಾದ ನೀಹಾರಿಕೆಗಳಲ್ಲಿ ಎಷ್ಟೋ ಕಣಗಳು ಯಾವ ಪರಮಾಣುವಿಗೂ ತಾಗದೆ ಹೊರಗೆ ಸೋರಿಹೋಗುವುವು. ಜಲಜನಕದಿಂದ ಎಣಿಸಿದ ಉಷ್ಣತೆ ಒಂದು, ಹೀಲಿಯಮಿನಿಂದ ಎಣಿಸಿದುದು ಮತ್ತೊಂದು ಎಂಬ ಮನಸ್ತಾಪ ಹಲವು ನಕ್ಷತ್ರಗಳ ವಿಷಯದಲ್ಲಿ ದಶಕಗಳ ಕಾಲ ಉಳಿಯಿತು. ಡೇರೆಯೊಳಗೆ ಇಣುಕದೆ ಅದು ತೀರುವಂತಿರಲಿಲ್ಲ.

ವಾಯುಮಂಡಲದ ಮೇಲಕ್ಕೆ ಉಪಕರಣವನ್ನು ಒಯ್ಯಬೇಕೆಂಬ ಯೋಚನೆಯಲ್ಲಿ ಭಾರತೀಯನೊಬ್ಬನ ಹೆಸರು ಮೊದಲ ಸಾಲಿನಲ್ಲಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ನಕ್ಷತ್ರಗಳ ರೋಹಿತವನ್ನು ಓದುವ ಕೀಲಿಕೈಯನ್ನು 1920ರಲ್ಲಿ ಕೊಟ್ಟ ಮೇಘನಾದ ಸಾಹಾ ಅವರು, ಓಜೋನ್ ಪದರದ ಮೇಲಿನಿಂದ ಸೂರ್ಯನ ಅತಿನೇರಿಳೆ ರೋಹಿತವನ್ನು ತೆಗೆಯತಕ್ಕ ವೀಕ್ಷಣಾಲಯದ ವಿಚಾರವನ್ನು 1937ರಲ್ಲೇ ಹಾರ್ವರ್ಡ್ ವೀಕ್ಷಣಾಲಯದ ಪತ್ರಿಕೆಯಲ್ಲಿ ಬರೆದಿದ್ದರು. ಆಗ ಆ ಎತ್ತರಕ್ಕೆ ದೂರದರ್ಶಕವನ್ನು ಏರಿಸುವ ಸಾಧನವೇ ಇರಲಿಲ್ಲ.

ಸಾಧನ ಬಂದ ಮೇಲೆ ಹಲವು ಉಪಗ್ರಹಗಳು ಹಾರಿದುವು. ಅವುಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು 1978ರ ಜನವರಿ 26ರಂದು ಹಾರಿದ ಅಂತರರಾಷ್ಟ್ರೀಯ ಅತಿನೇರಿಳೆ ಶೋಧಕ. ಅಮೆರಿಕ, ಬ್ರಿಟನ್ ಮತ್ತು ಯೂರೋಪಿನ ಬಾಹ್ಯಾಕಾಶ ಸಂಸ್ಥೆಗಳು ಕೂಡಿ ಮಾಡಿದ ಉಪಕರಣ ಅದು. ಅದರ ಕನ್ನಡಿಯ ವ್ಯಾಸ ಕೇವಲ 45 ಸೆಂಟಿಮೀಟರ್. ಅದು ಅಂದವಾದ ಚಿತ್ರಗಳನ್ನು ತೆಗೆಯುವ ಯಂತ್ರವಾಗಿರಲಿಲ್ಲ. 1,150ರಿಂದ 3,200 ಆಂಗ್‌ಸ್ಟ್ರಾಂವರೆಗಿನ ರೋಹಿತವನ್ನು ತೆಗೆಯುವುದಷ್ಟೇ ಅದರ ಕೆಲಸ. ಮೂರು ವರ್ಷ ನಡೆದರೆ ಸಾಕೆಂದು ಕಳುಹಿಸಿದ್ದು ಹದಿನೆಂಟು ವರ್ಷ ಎಂಟು ತಿಂಗಳು ನಡೆಯಿತು. ದಿಕ್ಕನ್ನು ಕಾಯುವ ಆರು ಬುಗುರಿಗಳಲ್ಲಿ ಐದು ಕೆಟ್ಟುಹೋದ ಮೇಲೂ, ಉಳಿದ ಒಂದರಿಂದ ಮತ್ತು ಸೂರ್ಯನನ್ನು ನೋಡುವ ಒಂದು ಕಣ್ಣಿನಿಂದ ಇಂಜಿನಿಯರುಗಳು ಅದನ್ನು ನಡೆಸಿದರು. 1996ರ ಸೆಪ್ಟೆಂಬರ್ 30ರಂದು ಅದನ್ನು ಆರಿಸಿದಾಗಲೂ ಅದು ಕೆಲಸ ಮಾಡುತ್ತಲೇ ಇದ್ದಿತು, ತೀರಿದ್ದು ಹಣ.

ಈ ಪುಟ್ಟ ಕನ್ನಡಿ ಕೇಂದ್ರ ನಕ್ಷತ್ರಗಳ ವಿಷಯದಲ್ಲಿ ತಂದ ಮೊದಲ ಸುದ್ದಿ ಗಾಳಿಯದು. ಇಂಗಾಲ, ಸಾರಜನಕ, ಸಿಲಿಕಾನುಗಳು ಹಲವು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಸ್ಥಿತಿಯಲ್ಲಿ ತೋರುವ ಮುಖ್ಯ ರೇಖೆಗಳೆಲ್ಲ ಅತಿನೇರಿಳೆಯಲ್ಲಿವೆ. ಉದಾಹರಣೆಗೆ, ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಇಂಗಾಲದ ಜೋಡಿರೇಖೆ 1,550 ಆಂಗ್‌ಸ್ಟ್ರಾಮಿನ ಬಳಿ ಇರುವುದು. ಇಂಥ ರೇಖೆಗಳ ನೇರಿಳೆಯ ಮಗ್ಗುಲಲ್ಲಿ ಕಪ್ಪು ಹಳ್ಳವೂ ಕೆಂಪು ಮಗ್ಗುಲಲ್ಲಿ ಹೊಳೆಯುವ ದಿಣ್ಣೆಯೂ ಕಂಡುಬಂದುವು. ನಕ್ಷತ್ರದಿಂದ ಹೊರಟ ಅನಿಲ ನಮ್ಮ ಕಡೆಗೆ ನುಗ್ಗಿ ಬರುತ್ತಿದೆ ಎಂಬುದಕ್ಕೆ ಇದು ಗುರುತು. ಹಳ್ಳದ ಅಗಲವೇ ವೇಗದ ಅಳತೆ. ಡ್ರೇಕೋ ಪುಂಜದಲ್ಲಿರುವ ಎನ್. ಜಿ. ಸಿ. 6543ರ ಕೇಂದ್ರ ನಕ್ಷತ್ರದ ಗಾಳಿ ಸೆಕೆಂಡಿಗೆ ಸುಮಾರು 1,400 ಕಿಲೋಮೀಟರ್ ವೇಗದ್ದು. ಕಾಣುವ ಬೆಳಕಿನ ರೋಹಿತದಲ್ಲಿ ಇಂಥ ಗಾಳಿಯ ಸುಳಿವು ಹೆಚ್ಚಿನ ನಕ್ಷತ್ರಗಳಲ್ಲಿ ಸಿಗುವಂತೆಯೇ ಇರಲಿಲ್ಲ. ಅದೇ 1978ರಲ್ಲಿ ಕ್ವಾಕ್ ಮತ್ತು ಸಂಗಡಿಗರು ಒಂದು ಊಹೆಯನ್ನು ಮುಂದಿಟ್ಟರು: ಕೆಂಪು ದೈತ್ಯ ಹಿಂದೆ ನಿಧಾನವಾಗಿ ಬಿಟ್ಟ ಅನಿಲವನ್ನು ಬೆನ್ನಟ್ಟಿ ಬಂದ ವೇಗದ ಗಾಳಿ ಗುಡಿಸಿ ಒಟ್ಟಿದುದೇ ನೀಹಾರಿಕೆಯ ಚಿಪ್ಪು. ಊಹೆಗೆ ಬೇಕಾದ ವೇಗದ ಗಾಳಿಯನ್ನು ಉಪಗ್ರಹ ಒದಗಿಸಿತು. ಗೋಡೆಯ ಮೇಲಿನ ಬಣ್ಣದ ಉಂಗುರದ ಆಕಾರಕ್ಕೆ ಕಾರಣ ಹೀಗೆ ಒಂದು ಬೋಳು ಗೆರೆಯ ನಕ್ಷೆಯಲ್ಲಿ ಸಿಕ್ಕಿತು.

ಇಷ್ಟಾದರೂ ಒಂದು ಸಾರಿ ಅಳೆದರೆ ಸಾಕಲ್ಲವೆ, ನಕ್ಷತ್ರ ಎಲ್ಲಿಗೆ ಓಡಿಹೋದೀತು ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವಾಗಿ ಒಂದೇ ಒಂದು ನಕ್ಷತ್ರದ ಕಥೆಯನ್ನು ವಿಸ್ತಾರವಾಗಿ ಹೇಳುವೆವು.

ವೃಶ್ಚಿಕದ ಕೆಳಗೆ, ದಕ್ಷಿಣ ದಿಗಂತದ ಬಳಿಯ ಆರಾ ಪುಂಜದಲ್ಲಿ ಎಸ್. ಎ. ಓ. 244567 ಎಂಬ ನಕ್ಷತ್ರವಿದೆ. 1971ರಲ್ಲಿ ಅದರ ರೋಹಿತವನ್ನು ತೆಗೆದಾಗ ಅದು ಸುಮಾರು 21,000 ಡಿಗ್ರಿಯ ನೀಲ ನಕ್ಷತ್ರವಾಗಿದ್ದಿತು. ನೀಹಾರಿಕೆಯ ಹಸಿರು ರೇಖೆಗಳು ಇರಲಿಲ್ಲ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಎಂ. ಪಾರ್ಥಸಾರಥಿ ಅವರೂ ಅವರ ಸಹೋದ್ಯೋಗಿಗಳೂ ಅದರ ಮೇಲೆ ಕಣ್ಣಿಟ್ಟರು. 1990ರ ವೇಳೆಗೆ ಆ ರೇಖೆಗಳು ಪ್ರಬಲವಾಗಿ ಮೂಡಿದ್ದುವು. ಒಂದು ಗ್ರಹೀಯ ನೀಹಾರಿಕೆ ಮನುಷ್ಯನ ಕಣ್ಣೆದುರಿಗೇ ಹೊತ್ತಿಕೊಂಡಿದ್ದಿತು! 1993ರಲ್ಲಿ ಅವರು ಈ ಸಂಗತಿಯನ್ನು ಪ್ರಕಟಿಸಿದರು. ಮುಂದೆ ಹಬಲ್ ದೂರದರ್ಶಕ ತೆಗೆದ ಚಿತ್ರದಲ್ಲಿ ಅದರ ಆಕಾರವನ್ನು ಕಂಡವರು ಸ್ಟಿಂಗ್‌ರೇ ಎಂದು ಕರೆದರು. ನಮ್ಮ ಕರಾವಳಿಯವರ ಮಾತಿನಲ್ಲಿ ತೊರಕೆ ಮೀನು.

ನಮ್ಮ ಶೋಧಕ ಉಪಗ್ರಹ 1988ರಿಂದ ಈ ನಕ್ಷತ್ರವನ್ನು ಮತ್ತೆ ಮತ್ತೆ ನೋಡಿತು. 1988ರಲ್ಲಿ ಅದರ ಗಾಳಿಯ ವೇಗ ಸೆಕೆಂಡಿಗೆ 3,500 ಕಿಲೋಮೀಟರ್. 1994ರಲ್ಲಿ ಗಾಳಿ ಹೆಚ್ಚುಕಡಿಮೆ ನಿಂತೇಹೋಗಿದ್ದಿತು. ಅತಿನೇರಿಳೆಯಲ್ಲಿ ಅದರ ಕಾಂತಿ ಅಷ್ಟರೊಳಗೆ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿದಿದ್ದಿತು. ನಕ್ಷತ್ರಗಳ ಕಾಲಮಾನದಲ್ಲಿ ಆರು ವರ್ಷ ಎಂದರೆ ರೆಪ್ಪೆ ಬಡಿದಷ್ಟೂ ಅಲ್ಲ. ನಕ್ಷತ್ರ ಶ್ವೇತ ಕುಬ್ಜವಾಗಲು ಧಾವಿಸುತ್ತಿದೆ ಎಂದು ಆಗ ತೋರಿತು. 1996ರಲ್ಲಿ ಉಪಗ್ರಹವನ್ನು ಆರಿಸಿದರು.

ಕಥೆ ಅಲ್ಲಿಗೇ ನಿಂತಿದ್ದರೆ ಪಠ್ಯಪುಸ್ತಕದಲ್ಲಿ ತಪ್ಪು ಅಚ್ಚಾಗುತ್ತಿದ್ದಿತು. ದೈವವಶಾತ್ 1999ರಿಂದ 2007ರವರೆಗೆ ಫ್ಯೂಸ್ ಎಂಬ ಮತ್ತೊಂದು ಅತಿನೇರಿಳೆ ಉಪಗ್ರಹ ಇದ್ದಿತು. ಆಗಾಗ ಹಬಲ್ ದೂರದರ್ಶಕವೂ ಒದಗಿತು. ನಿಕೋಲ್ ರೈಂಡ್ಲ್ ಮತ್ತು ಸಂಗಡಿಗರು ಆ ರೋಹಿತಗಳನ್ನೆಲ್ಲ ಜೋಡಿಸಿ 2014ರಲ್ಲೂ 2017ರಲ್ಲೂ ಪ್ರಕಟಿಸಿದ ಲೆಕ್ಕ ಹೀಗಿದೆ: 1988ರಲ್ಲಿ 38,000 ಡಿಗ್ರಿ, 2002ರಲ್ಲಿ 60,000, 2006ರಲ್ಲಿ 55,000, 2015ರಲ್ಲಿ 50,000. ನಕ್ಷತ್ರ ತಿರುಗಿಕೊಂಡಿದೆ! ಅದು ಆರುತ್ತಿದೆ, ಆದರೆ ಕುಗ್ಗುತ್ತ ಅಲ್ಲ, ಹಿಗ್ಗುತ್ತ. ಬೂದಿ ಮುಚ್ಚಿದ ಕೆಂಡಕ್ಕೆ ಒಳಗಿನಿಂದ ಮತ್ತೆ ಗಾಳಿ ಹಾಕಿದಂತೆ, ತಿರುಳನ್ನು ಸುತ್ತಿದ ಹೀಲಿಯಮಿನ ಪದರ ಹಠಾತ್ತನೆ ಹೊತ್ತಿಕೊಂಡು ಅದನ್ನು ಪುನಃ ದೈತ್ಯನ ಸ್ಥಿತಿಯ ಕಡೆಗೆ ನೂಕುತ್ತಿರಬೇಕೆಂದು ಅವರ ನಿರ್ಣಯ. ಅವರ ಬಳಿಯಿದ್ದ ಯಾವ ಸೈದ್ಧಾಂತಿಕ ಗಣನೆಯೂ ನಕ್ಷತ್ರದ ಎಲ್ಲ ಲಕ್ಷಣಗಳಿಗೂ ಹೊಂದಿಬರಲಿಲ್ಲ. ಇದೇ ಈ ನಕ್ಷತ್ರದ ಬೆಲೆ.

2002ರ ಆ ಒಂದು ರೋಹಿತ ಇಲ್ಲದಿದ್ದರೆ ತಿರುವು ಯಾವಾಗ ಆಯಿತೆಂದು ಹೇಳುವುದು ಸಾಧ್ಯವಾಗುತ್ತಿರಲಿಲ್ಲ. ನಮ್ಮ ವಾದದ ತಿರುಳು ಇಲ್ಲಿದೆ. ಇಂಥ ನಕ್ಷತ್ರದ ವಿಷಯದಲ್ಲಿ ದೊಡ್ಡ ದೂರದರ್ಶಕದ ಒಂದು ರಾತ್ರಿಗಿಂತ ಸಣ್ಣ ದೂರದರ್ಶಕದ ಇಪ್ಪತ್ತು ವರ್ಷಗಳು ಮೇಲು. ಕಳೆದುಹೋದ ವರ್ಷದ ರೋಹಿತವನ್ನು ಮುಂದೆ ಎಷ್ಟು ಹಣ ಸುರಿದರೂ ತೆಗೆಯುವಂತಿಲ್ಲ.

ಈಗಿನ ಪರಿಸ್ಥಿತಿ ನೆಮ್ಮದಿ ತರುವಂಥದಲ್ಲ. ಗಾಲೆಕ್ಸ್ ಉಪಗ್ರಹ 2013ರಲ್ಲಿ ನಿಂತಿತು. ಜೇಮ್ಸ್ ವೆಬ್ ದೂರದರ್ಶಕ ಅವಕೆಂಪಿನದು. ಅತಿನೇರಿಳೆ ಅದಕ್ಕೆ ಕಾಣುವುದಿಲ್ಲ. ಸೂಕ್ಷ್ಮವಾದ ಅತಿನೇರಿಳೆ ರೋಹಿತಕ್ಕೆ ಜಗತ್ತು ಮುಖ್ಯವಾಗಿ ನೆಚ್ಚಿಕೊಂಡಿರುವುದು 1990ರಲ್ಲಿ ಹಾರಿದ ಹಬಲನ್ನು. 2024ರ ಜೂನಿನಿಂದ ಅದನ್ನು ಒಂದೇ ಬುಗುರಿಯ ಆಧಾರದಿಂದ ನಡೆಸುವ ಏರ್ಪಾಡಾಗಿದೆ. ಅದರ ಹೊತ್ತಿಗೆ ಜಗತ್ತಿನ ನಾನಾ ಕಡೆಯಿಂದ ಪೈಪೋಟಿ.

ಇಲ್ಲಿ ನಮ್ಮ ದೇಶದ ಮಾತು ಬರುವುದು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಒಂದು ಅತಿನೇರಿಳೆ ದೂರದರ್ಶಕವಿದೆ. ಸುಮಾರು 38 ಸೆಂಟಿಮೀಟರ್ ವ್ಯಾಸದ ಎರಡು ಅವಳಿ ಕೊಳವೆಗಳ ಈ ಉಪಕರಣವನ್ನು ಬೆಂಗಳೂರಿನ ಅದೇ ಖಭೌತ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ, ಹೊಸಕೋಟೆಯ ಪ್ರಯೋಗಶಾಲೆಯಲ್ಲಿ ಜೋಡಿಸಿದರು. ಗಾಲೆಕ್ಸ್ ಐದು ವಿಕಲೆಗಳಷ್ಟು ಅಂತರವನ್ನು ಬಿಡಿಸಿ ಕಾಣುತ್ತಿದ್ದರೆ, ಇದು ಒಂದೂವರೆ ವಿಕಲೆಯ ಸುಮಾರನ್ನು ಬಿಡಿಸಿತು. ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು 2018ರಲ್ಲಿ ಇದರಿಂದ ಎರಡು ನೀಹಾರಿಕೆಗಳ ಅತಿನೇರಿಳೆ ಚಿತ್ರಗಳನ್ನು ಪ್ರಕಟಿಸಿದರು. ಎನ್. ಜಿ. ಸಿ. 40ರಲ್ಲಿ ಇಂಗಾಲದ 1,550ರ ಬೆಳಕಿನ ಮೊದಲ ನಕ್ಷೆ ದೊರೆಯಿತು. ಅದರ ಆಗ್ನೇಯಕ್ಕೆ ಹಿಂದೆ ಯಾರೂ ಕಾಣದ ಮಂದವಾದ ಪ್ರಭೆಯೊಂದು ಚಾಚಿದ್ದಿತು. ನಕ್ಷತ್ರ ಚಲಿಸುತ್ತಿರುವುದು ವಾಯವ್ಯಕ್ಕೆ. ಎಂದರೆ ಪ್ರಭೆ ಉಳಿದಿರುವುದು ಅದು ನಡೆದು ಬಂದ ದಾರಿಯಲ್ಲಿ. ವೃಶ್ಚಿಕದ ಎನ್. ಜಿ. ಸಿ. 6302ರಲ್ಲಿಯೂ ಅನಿಲ ಹಿಂದೆ ತಿಳಿದಿದ್ದುದಕ್ಕಿಂತ ಬಹುದೂರ ಹರಡಿರುವುದು ಕಂಡುಬಂದಿತು. ಎರಡೂ ಕಡೆ ಹೊಳೆಯುತ್ತಿದ್ದುದು ಬಹುಶಃ ಜಲಜನಕದ ಅಣುಗಳು. ಬಿಸಿಯಾದ ನಕ್ಷತ್ರದ ಸುತ್ತ ತಣ್ಣನೆಯ ಅಣುಗಳು ಇಷ್ಟು ಉಳಿದಿವೆಯೆಂದರೆ, ನಕ್ಷತ್ರ ಚೆಲ್ಲಿದ ದ್ರವ್ಯದ ಲೆಕ್ಕವನ್ನೇ ತಿದ್ದಬೇಕಾದೀತು.

ಸಾಧನೆ ನಿಸ್ಸಂಶಯವಾಗಿ ದೊಡ್ಡದು. ಆದರೆ ಉಪಕರಣದ ಎರಡು ಅತಿನೇರಿಳೆ ಕಣ್ಣುಗಳಲ್ಲಿ ಸಮೀಪದ ಅತಿನೇರಿಳೆಯನ್ನು ಕಾಣುವುದು 2018ರಲ್ಲಿ ಕೆಟ್ಟುಹೋಯಿತು. ಅಲ್ಲದೆ ಅದು ಮುಖ್ಯವಾಗಿ ಚಿತ್ರ ತೆಗೆಯುವ ಉಪಕರಣ. ಅದರ ರೋಹಿತ ಒರಟಾದುದು. ಗಾಳಿಯ ವೇಗವನ್ನು ಅಳೆಯಲು ಅದು ಸಾಲದು. ಒಂದು ಮೀಟರ್ ವ್ಯಾಸದ ಕನ್ನಡಿಯೂ ರೋಹಿತದರ್ಶಕವೂ ಇರುವ ಮುಂದಿನ ದೂರದರ್ಶಕದ ಯೋಜನೆಯೊಂದನ್ನು ಅದೇ ಸಂಸ್ಥೆಯವರು ಮುಂದಿಟ್ಟಿದ್ದಾರೆ. ಅದು ಕೈಗೂಡಬೇಕೆಂಬುದು ನಮ್ಮ ಆಗ್ರಹ. ಖರ್ಚು ಕಡಿಮೆ ಮಾಡಬೇಕಾಗಿ ಬಂದರೆ ಕನ್ನಡಿಯನ್ನು ಕಿರಿದು ಮಾಡಿ ರೋಹಿತದರ್ಶಕವನ್ನು ಉಳಿಸಬೇಕೇ ಹೊರತು ಅದರ ವಿಪರ್ಯಯವಲ್ಲ. 45 ಸೆಂಟಿಮೀಟರಿನ ಕನ್ನಡಿ ಏನು ಮಾಡಿತೆಂಬುದನ್ನು ಮೇಲೆ ಕಂಡೆವು.

ಇದಕ್ಕೆ ಬರುವ ಮುಖ್ಯ ಆಕ್ಷೇಪ ಹಣದ್ದಲ್ಲ, ಪದ್ಧತಿಯದು. ದೂರದರ್ಶಕದ ಹೊತ್ತನ್ನು ಹಂಚುವ ಸಮಿತಿಗಳು ಹೊಸ ಶೋಧನೆಯ ಭರವಸೆಯನ್ನು ಕೇಳುವುವು. ಕಳೆದ ವರ್ಷ ನೋಡಿದ ನಕ್ಷತ್ರವನ್ನೇ ಈ ವರ್ಷವೂ ನೋಡುವೆವು, ಬಹುಶಃ ಏನೂ ಬದಲಾಗಿರಲಾರದು ಎಂದು ಬರೆದ ಅರ್ಜಿ ಬುಟ್ಟಿಗೆ ಬೀಳುವುದು. ಆದರೆ ತಾಲ್ಲೂಕು ಕಚೇರಿಯ ಮಳೆಮಾಪಕವನ್ನು ನೋಡುವವನು ಮಳೆ ಬಾರದ ದಿನವೂ ಪುಸ್ತಕದಲ್ಲಿ ಸೊನ್ನೆ ಬರೆಯುತ್ತಾನೆ. ಆ ಸೊನ್ನೆಗಳಿಲ್ಲದೆ ಬರಗಾಲವನ್ನು ಗುರುತಿಸುವುದು ಹೇಗೆ? ಕೊಡೈಕನಾಲಿನ ವೀಕ್ಷಣಾಲಯದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಸೂರ್ಯನ ಚಿತ್ರಗಳನ್ನು, ಮೋಡವಿಲ್ಲದ ದಿನಗಳಲ್ಲೆಲ್ಲ, ತೆಗೆಯುತ್ತ ಬಂದಿದ್ದಾರೆ. ಇಂದಿನ ಚಿತ್ರದಿಂದ ಏನು ಹೊಸತು ಸಿಕ್ಕೀತು ಎಂದು ದಿನದಿನವೂ ಕೇಳಿದ್ದರೆ ಆ ಭಂಡಾರ ಇಂದು ಇರುತ್ತಿರಲಿಲ್ಲ. ಅದನ್ನು ಕಾಯುತ್ತಿರುವುದೂ ಇದೇ ಖಭೌತ ವಿಜ್ಞಾನ ಸಂಸ್ಥೆ. ನಾವು ಬೇಡುತ್ತಿರುವುದು ಹೊಸ ಪದ್ಧತಿಯೇನೂ ಅಲ್ಲ.

ಕಾಲೇಜುಗಳ ಪಾಲಿನ ಕೆಲಸವೂ ಇಲ್ಲಿದೆ. ಆಸ್ಟ್ರೋಸ್ಯಾಟಿನ ಹಳೆಯ ವೀಕ್ಷಣೆಗಳು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ ದತ್ತಾಂಶ ಕೇಂದ್ರದಿಂದ ಯಾರಿಗೂ ದೊರೆಯುವುವು. ಶೋಧಕ ಉಪಗ್ರಹದ ಹದಿನೆಂಟು ವರ್ಷಗಳ ಒಂದು ಲಕ್ಷಕ್ಕೂ ಮೀರಿದ ರೋಹಿತಗಳೂ ತೆರೆದೇ ಇವೆ. ಎಂ. ಎಸ್‌ಸಿ. ವಿದ್ಯಾರ್ಥಿಯೊಬ್ಬ ಪ್ರಿಸಮ್ಮಿನ ಕೋನವನ್ನು ನೂರನೆಯ ಸಲ ಅಳೆಯುವುದನ್ನು ಬಿಟ್ಟು, 1,550ರ ಹಳ್ಳದ ಅಂಚನ್ನು ಅಳತೆಪಟ್ಟಿಯಿಟ್ಟು ಗುರುತಿಸಿ ನಕ್ಷತ್ರದ ಗಾಳಿಯ ವೇಗವನ್ನು ತಾನೇ ಲೆಕ್ಕಹಾಕಬಹುದು. ಬೇಕಾದುದು ಒಂದು ಗಣಕಯಂತ್ರ, ಡಾಪ್ಲರನ ಸೂತ್ರ ಮತ್ತು ಒಂದು ಮಧ್ಯಾಹ್ನ.

ಮುಂದಿನ ದೂರದರ್ಶಕ ಯಾವ ದೇಶದ್ದೇ ಆಗಲಿ, ಅದರ ಹೊತ್ತಿನಲ್ಲಿ ವರ್ಷಕ್ಕೆ ಕೆಲವು ದಿನಗಳನ್ನು ಅರ್ಜಿಯಿಲ್ಲದೆ, ಪೈಪೋಟಿಯಿಲ್ಲದೆ, ಇಂಥ ಇಪ್ಪತ್ತು ಮೂವತ್ತು ನಕ್ಷತ್ರಗಳ ಕಾವಲಿಗೆಂದು ಎತ್ತಿಡಬೇಕು. ಆ ಪಟ್ಟಿಯ ಮೊದಲ ಸಾಲಿನಲ್ಲಿ ಎಸ್. ಎ. ಓ. 244567 ಇರಲಿ.